ಗಣಕಯಂತ್ರಕ್ಕೆ ಜ್ವರವೇಕೆ ಬರುತ್ತದೆ?

ದುಡಿಯುವ ಯಂತ್ರವು ಬಿಸಿಯಾಗುವುದು ಸಹಜ. ನೀರೆತ್ತುವ ಪಂಪನ್ನಾಗಲಿ ಹಿಟ್ಟಿನ ಗಿರಣಿಯ ಮೋಟಾರನ್ನಾಗಲಿ ಮುಟ್ಟಿ ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಮೇಜಿನ ಬದಿಯಲ್ಲಿ ಸುಮ್ಮನೆ ಕುಳಿತಂತೆ ಕಾಣುವ, ತಿರುಗುವ ಭಾಗಗಳೇ ವಿರಳವಾಗಿರುವ ಗಣಕಯಂತ್ರವು ತನ್ನ ಒಡಲೊಳಗೆ ನೀರು ಕುದಿಯುವ ಮಟ್ಟಕ್ಕೆ ಕಾಯಬಲ್ಲದೆಂದರೆ ಅನೇಕರಿಗೆ ಸೋಜಿಗವಾಗುತ್ತದೆ. ಹಾಗೆ ಕಾದಾಗ ಅದು ನಿಧಾನವಾಗಿ ತೆವಳುತ್ತದೆ. ಇನ್ನೂ ಕಾದರೆ ಹೇಳದೆ ಕೇಳದೆ ಆರಿಹೋಗುತ್ತದೆ. ಇದಕ್ಕೆ ಕಾರಣವೇನು? ಯಂತ್ರವು ನಿಜವಾಗಿ ಕೆಟ್ಟಿದೆಯೆ? ಕೆಟ್ಟಿಲ್ಲವಾದರೆ ದೋಷವೆಲ್ಲಿದೆಯೆಂದು ಕಂಡುಹಿಡಿಯುವ ಬಗೆ ಹೇಗೆ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಈಚಿನ ಒಂದು ಬೇಸಗೆಯಲ್ಲಿ ನಾವು ಗದಗ ಜಿಲ್ಲೆಯ ಉತ್ತರ ಭಾಗದ ನರಗುಂದ, ರೋಣ, ಗಜೇಂದ್ರಗಡಗಳಲ್ಲಿ ಕೆಲವು ದಿನ ತಂಗಬೇಕಾಯಿತು. ಅದು ಎರೆಯ ನಾಡು. ಸುಗ್ಗಿ ಮುಗಿದ ಮೇಲೆ ನೆಲವು ಬಿರಿದು ಬಾಯಿ ಬಿಡುತ್ತದೆ. ಗಾಳಿ ಎದ್ದರೆ ನುಣುಪಾದ ಕರಿಯ ಧೂಳು ಕಿಟಕಿಯ ಸಂದುಗಳಿಂದಲೂ ಮನೆಯೊಳಕ್ಕೆ ಬಂದು ಕೂಡುತ್ತದೆ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದಲ್ಲಿ ನೆರಳಿನ ಉಷ್ಣತೆಯೇ ೩೮, ೩೯ ಡಿಗ್ರಿ ಸೆಂಟಿಗ್ರೇಡಿಗೆ ಏರುವುದು ಅಲ್ಲಿ ಅಪರೂಪವಲ್ಲ. ಆ ಮೂರು ಊರುಗಳಲ್ಲಿಯೂ ಒಂದೊಂದು ಗಣಕಯಂತ್ರದ ದೂರು ನಮ್ಮ ಕಿವಿಗೆ ಬಿದ್ದಿತು. ನರಗುಂದದ ಅಂಗಡಿಕಾರರು ಹೇಳಿದ ಮಾತು ಮೂರು ಯಂತ್ರಗಳಿಗೂ ಒಪ್ಪುವಂತಿತ್ತು: "ಮಧ್ಯಾಹ್ನ ಆತಂದ್ರ ತಾನ ಬಂದ್ ಆಗತೈತ್ರಿ. ಸಂಜೀಕ ಮತ್ತ ಚಲೋ ನಡಿತೈತಿ. ಪ್ರೊಸೆಸರ್ ಹೋಗೈತಿ, ಹೊಸಾದ್ ತಗೊಳ್ರಿ ಅಂತಾರ."

ದೂರು ಒಂದೇ, ಕಾರಣ ಮಾತ್ರ ಮೂರು ಬಗೆ. ಅದನ್ನು ವಿವರಿಸುವುದಕ್ಕೆ ಮೊದಲು ಈ ಶಾಖವು ಹುಟ್ಟುವುದೆಲ್ಲಿ, ಹೊರಡುವುದು ಯಾವ ಹಾದಿಯಲ್ಲಿ ಎಂಬುದನ್ನು ತಿಳಿಯತಕ್ಕದ್ದು.

ಶಾಖದ ಹುಟ್ಟು

ಮೇಜಿನ ಬದಿಯಲ್ಲಿರುವ ಪೆಟ್ಟಿಗೆಯನ್ನೇ ಜನರು ರೂಢಿಯಲ್ಲಿ ಸಿ.ಪಿ.ಯು. ಎಂದು ಕರೆಯುತ್ತಾರೆ. ನಿಜವಾಗಿ ಆ ಹೆಸರು ಸಲ್ಲುವುದು ಪೆಟ್ಟಿಗೆಯ ಒಳಗಿರುವ ಪ್ರೊಸೆಸರ್ ಎಂಬ ಚಿಕ್ಕ ಭಾಗಕ್ಕೆ. ಅದರ ಹೃದಯವು ಬೆರಳಿನ ಉಗುರಿನಷ್ಟು ಅಗಲದ ಒಂದು ಸಿಲಿಕಾನ್ ಬಿಲ್ಲೆ. ಆ ಬಿಲ್ಲೆಯ ಮೇಲೆ ನೂರು ಕೋಟಿಗೂ ಮಿಕ್ಕ ಟ್ರಾನ್ಸಿಸ್ಟರುಗಳು ಕೆತ್ತಲ್ಪಟ್ಟಿರುತ್ತವೆ. ಒಂದೊಂದು ಟ್ರಾನ್ಸಿಸ್ಟರೂ ಒಂದು ಕಿರಿಯ ಸ್ವಿಚ್ಚು. ಅದು ಮುಚ್ಚಿ ತೆರೆಯುವಾಗಲೆಲ್ಲ ಅತ್ಯಲ್ಪವಾದ ವಿದ್ಯುದಂಶವು ತುಂಬಿ ಬರಿದಾಗುತ್ತದೆ. ಪ್ರತಿಯೊಂದು ಸಲವೂ ಅತ್ಯಲ್ಪವಾದ ಶಾಖ ಹುಟ್ಟುತ್ತದೆ. ಮೂರು ಗಿಗಾಹರ್ಟ್ಸ್ ವೇಗದ ಪ್ರೊಸೆಸರೆಂದರೆ ಸೆಕೆಂಡಿಗೆ ೩೦೦ ಕೋಟಿ ಸಲ ತಾಳ ಹಾಕುವ ಯಂತ್ರ. ಹನಿಹನಿಯಾದ ಶಾಖವು ಹೀಗೆ ಕೂಡಿ ಹಳ್ಳವಾಗುತ್ತದೆ.

ಗಿರಣಿಯ ಮೋಟಾರು ತಾನು ಪಡೆದ ವಿದ್ಯುಚ್ಛಕ್ತಿಯಲ್ಲಿ ಬಹುಭಾಗವನ್ನು ಕಲ್ಲು ತಿರುಗಿಸುವ ಕೆಲಸಕ್ಕೆ ಕೊಡುತ್ತದೆ. ಪ್ರೊಸೆಸರಿನಲ್ಲಿ ಅಂಥ ಕಲ್ಲು ಯಾವುದೂ ಇಲ್ಲ. ಅದು ಪಡೆದ ಶಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. ಸಾಮಾನ್ಯವಾದ ಮೇಜು ಗಣಕಗಳಲ್ಲಿ ೬೫ ವಾಟ್ ದರ್ಜೆಯ ಪ್ರೊಸೆಸರುಗಳು ಹೇರಳವಾಗಿವೆ. ಇದು ಹಳೆಯ ತಂತಿಯ ಬಲ್ಬು ಒಂದರ ಶಕ್ತಿಗಿಂತ ಬಹಳ ಹೆಚ್ಚೇನೂ ಅಲ್ಲ. ಆದರೆ ಇಷ್ಟು ಶಾಖವೂ ಸುಮಾರು ಒಂದೂವರೆ ಚದರ ಸೆಂಟಿಮೀಟರಿನಿಂದಲೇ ಹೊರಡಬೇಕು. ಅಂದರೆ ಚದರ ಸೆಂಟಿಮೀಟರಿಗೆ ೪೦ ವಾಟಿಗೂ ಮೇಲಾಯಿತು. ೧೫೦೦ ವಾಟಿನ ವಿದ್ಯುತ್ ಒಲೆಯ ೧೮ ಸೆಂಟಿಮೀಟರ್ ಅಗಲದ ದುಂಡು ತಟ್ಟೆಯಲ್ಲಿ ಈ ಲೆಕ್ಕವು ಸುಮಾರು ೬ ವಾಟ್ ಮಾತ್ರ. ಮಧ್ಯಾಹ್ನದ ಬಿಸಿಲು ಎರೆಯ ಹೊಲದ ಮೇಲೆ ಸುರಿಸುವುದು ಚದರ ಸೆಂಟಿಮೀಟರಿಗೆ ವಾಟಿನ ಹತ್ತನೆಯ ಒಂದು ಪಾಲು. ಒಲೆಯ ತಟ್ಟೆಗಿಂತ ಆರೇಳು ಪಟ್ಟು ದಟ್ಟವಾದ ಶಾಖದ ಚಿಲುಮೆಯೊಂದನ್ನು ನಾವು ಮೇಜಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇವೆ ಎಂದಾಯಿತು.

ಗಣಕಕ್ಕೂ ಶಾಖಕ್ಕೂ ಇರುವ ನಂಟು ಹೊಸದಲ್ಲ. ೧೯೪೬ರಲ್ಲಿ ಅಮೆರಿಕದಲ್ಲಿ ಜನರ ಮುಂದೆ ಬಂದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು ೧೮,೦೦೦ ನಿರ್ವಾತ ನಾಳಗಳಿದ್ದವು. ಅದು ಒಂದೂವರೆ ಲಕ್ಷ ವಾಟಿನಷ್ಟು ಶಕ್ತಿಯನ್ನು ನುಂಗುತ್ತಿತ್ತು. ಅದರ ಶಾಖವು ಒಂದು ದೊಡ್ಡ ಕೋಣೆಯಲ್ಲಿ ಹರಡಿಕೊಂಡಿತ್ತು. ಇಂದಿನ ಪ್ರೊಸೆಸರಿನ ಶಾಖವು ಪ್ರಮಾಣದಲ್ಲಿ ಅಲ್ಪ, ದಟ್ಟಣೆಯಲ್ಲಿ ಅಧಿಕ.

ಶಾಖದ ಹಾದಿ

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಶಾಖ ಬೇರೆ, ಉಷ್ಣತೆ ಬೇರೆ. ಶಾಖವು ಹರಿಯುವ ವಸ್ತು. ಉಷ್ಣತೆಯು ಅದರ ಮಟ್ಟ. ನವಿಲುತೀರ್ಥದ ಅಣೆಕಟ್ಟಿನಿಂದ ನರಗುಂದದ ಕಡೆಗೆ ಬರುವ ಮಲಪ್ರಭೆಯ ಕಾಲುವೆಯನ್ನು ನೆನೆಯೋಣ. ಕಾಲುವೆಯಲ್ಲಿ ನೀರು ಹರಿಯಬೇಕಾದರೆ ಮೇಲಿನ ತುದಿಯ ಮಟ್ಟವು ಕೆಳಗಿನ ತುದಿಯ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ನಡುವೆ ಹೂಳು ತುಂಬಿ ಜೊಂಡು ಬೆಳೆದರೆ ಅಲ್ಲಿಂದ ಮೇಲ್ಗಡೆ ನೀರು ಏರಿ ನಿಲ್ಲುತ್ತದೆ. ಕೆಳಗಡೆ ಮಟ್ಟ ಏರುವುದಿಲ್ಲ. ಅನುಭವಸ್ಥನಾದ ನೀರುಗಂಟಿಯು ಕಾಲುವೆಯ ಉದ್ದಕ್ಕೂ ಅಗೆಯುತ್ತ ಹೋಗುವುದಿಲ್ಲ. ಮಟ್ಟವು ಎಲ್ಲಿ ಥಟ್ಟನೆ ಕುಸಿದಿದೆಯೆಂದು ನೋಡಿ, ತಡೆಯಿರುವುದು ಅಲ್ಲಿಯೇ ಎಂದು ನಿರ್ಣಯಿಸುತ್ತಾನೆ. ಕಾದ ಗಣಕದ ಪರೀಕ್ಷೆಯೂ ಇದೇ ರೀತಿಯದು.

ಶಾಖದ ಕಾಲುವೆಯ ಹಂತಗಳು ಇವು. ಸಿಲಿಕಾನ್ ಬಿಲ್ಲೆಯಿಂದ ಶಾಖವು ಪ್ರೊಸೆಸರಿನ ಲೋಹದ ಮುಚ್ಚಳಕ್ಕೆ ಬರುತ್ತದೆ. ಮುಚ್ಚಳದ ಮೇಲೆ ಹೀಟ್ ಸಿಂಕ್ ಎಂಬ ಲೋಹದ ಗಟ್ಟಿ ಕುಳಿತಿರುತ್ತದೆ. ಅದರಿಂದ ತೆಳುವಾದ ಅನೇಕ ಹಾಳೆಗಳು ರೆಕ್ಕೆಗಳಂತೆ ಹೊರಟಿರುತ್ತವೆ. ರೆಕ್ಕೆಗಳ ನಡುವೆ ಒಂದು ಚಿಕ್ಕ ಫ್ಯಾನು ಗಾಳಿಯನ್ನು ನೂಕುತ್ತದೆ. ಕಾದ ಗಾಳಿಯು ಪೆಟ್ಟಿಗೆಯ ಹಿಂಬದಿಯ ಕಿಂಡಿಗಳಿಂದ ಕೋಣೆಗೆ ಬರುತ್ತದೆ, ಕೋಣೆಯಿಂದ ಬಯಲಿಗೆ ಹೋಗುತ್ತದೆ.

ಪದಾರ್ಥಗಳೆಲ್ಲವೂ ಶಾಖವನ್ನು ಸಮನಾಗಿ ಸಾಗಿಸುವುದಿಲ್ಲ. ವಹನ ಸಾಮರ್ಥ್ಯದ ಮಾನದಲ್ಲಿ ತಾಮ್ರಕ್ಕೆ ಸುಮಾರು ೪೦೦, ಅಲ್ಯೂಮಿನಿಯಮಿಗೆ ಸುಮಾರು ೨೩೫ ಅಂಕಗಳು ಬಂದರೆ ನಿಂತ ಗಾಳಿಗೆ ಬರುವುದು ೦.೦೨೬ ಮಾತ್ರ. ತಾಮ್ರಕ್ಕಿಂತ ಗಾಳಿಯು ಹದಿನೈದು ಸಾವಿರ ಪಟ್ಟು ಸೋಮಾರಿ. ಮುಚ್ಚಳವೂ ಹೀಟ್ ಸಿಂಕಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ನೋಡಿದರೆ ತಗ್ಗುದಿನ್ನೆಗಳಿಂದ ಕೂಡಿರುತ್ತವೆ. ಎರಡನ್ನೂ ಬರಿದಾಗಿ ಒತ್ತಿಟ್ಟರೆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಶಾಖವನ್ನು ತಡೆಯುತ್ತದೆ. ಆ ಗಾಳಿಯನ್ನು ಹೊರದೂಡುವುದಕ್ಕಾಗಿ ನಡುವೆ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ಹಾಕುತ್ತಾರೆ. ಲೇಪವು ಲೋಹದಷ್ಟು ಸಮರ್ಥವಲ್ಲ, ಗಾಳಿಗಿಂತ ನೂರಾರು ಪಟ್ಟು ಮೇಲು. ಆದ್ದರಿಂದ ಅದು ತಗ್ಗು ತುಂಬುವಷ್ಟಿರಬೇಕೇ ಹೊರತು ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ದಪ್ಪವಾಗಿರಬಾರದು.

ಬಿಸಿ ವಸ್ತುವು ಕಳೆದುಕೊಳ್ಳುವ ಶಾಖವು ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆಂದು ನ್ಯೂಟನ್ ೧೭೦೧ರಷ್ಟು ಹಿಂದೆಯೇ ತಿಳಿಸಿದನು. ನಮ್ಮ ಪರೀಕ್ಷೆಗೆಲ್ಲ ಈ ನಿಯಮವೇ ತಳಹದಿ. ೬೫ ವಾಟನ್ನು ಹೊರಹಾಕಲು ಒಂದು ಹೀಟ್ ಸಿಂಕಿಗೆ ೪೦ ಡಿಗ್ರಿಗಳ ಅಂತರ ಬೇಕೆನ್ನೋಣ. ಕೋಣೆಯಲ್ಲಿ ೨೫ ಡಿಗ್ರಿ ಇದ್ದರೆ ಪ್ರೊಸೆಸರು ೬೫ರಲ್ಲಿ ನಿಲ್ಲುತ್ತದೆ. ಕೋಣೆಯಲ್ಲಿ ೪೦ ಇದ್ದರೆ ೮೦ಕ್ಕೆ ಏರುತ್ತದೆ. ಎರಡು ಸಂದರ್ಭಗಳಲ್ಲಿಯೂ ಯಂತ್ರದ ಆರೋಗ್ಯವೊಂದೇ. ಆದುದರಿಂದ ಪ್ರೊಸೆಸರಿನ ಉಷ್ಣತೆಯನ್ನಷ್ಟೇ ನೋಡಿ ತೀರ್ಪು ಹೇಳುವುದು ತಪ್ಪು. ಅದರಿಂದ ಕೋಣೆಯ ಉಷ್ಣತೆಯನ್ನು ಕಳೆದು, ಉಳಿಯುವ ಅಂತರವನ್ನು ನೋಡಬೇಕು.

ಕೆಲವರು ಕೇಳಬಹುದು: ಮಣ್ಣಿನ ಹರವಿಯಲ್ಲಿಟ್ಟ ನೀರು ಕೋಣೆಗಿಂತಲೂ ತಂಪಾಗುವುದಲ್ಲ, ಫ್ಯಾನು ಪ್ರೊಸೆಸರನ್ನು ಹಾಗೆ ತಣಿಸಲಾರದೆ? ತಣಿಸಲಾರದು. ಹರವಿಯ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಗಣಕದ ಫ್ಯಾನು ಬರಿಯ ಗಾಳಿಯನ್ನು ಬದಲಾಯಿಸುತ್ತದೆ. ಎಷ್ಟು ಜೋರಾಗಿ ಬೀಸಿದರೂ ಅದು ಬೀಸುವ ಗಾಳಿ ಕೋಣೆಯದೇ.

ಪ್ರೊಸೆಸರುಗಳಲ್ಲಿ ಆತ್ಮರಕ್ಷಣೆಯ ಏರ್ಪಾಡೂ ಉಂಟು. ಅನೇಕ ಪ್ರೊಸೆಸರುಗಳಿಗೆ ೯೫ ಅಥವಾ ೧೦೦ ಡಿಗ್ರಿಯನ್ನು ಮಿತಿಯೆಂದು ತಯಾರಕರು ಗೊತ್ತುಮಾಡಿರುತ್ತಾರೆ. ಆ ಮಿತಿಯನ್ನು ಮುಟ್ಟಿದೊಡನೆ ಅವು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಅದೂ ಸಾಲದಾದರೆ ಯಂತ್ರವು ಆರುತ್ತದೆ. ೨೦೦೧ರಲ್ಲಿ ನಡೆದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ನಡೆಯುತ್ತಿರುವ ಯಂತ್ರಗಳಿಂದ ಹೀಟ್ ಸಿಂಕನ್ನು ತೆಗೆದಾಗ ಅಂದಿನ ಕೆಲವು ಪ್ರೊಸೆಸರುಗಳು ಕ್ಷಣಗಳಲ್ಲಿ ಸುಟ್ಟುಹೋದವು. ರಕ್ಷಣೆಯಿದ್ದವು ನಿಧಾನವಾಗಿ ಬದುಕಿಕೊಂಡವು. ಆದ್ದರಿಂದ ಇಂದಿನ ಗಣಕವು ಮಧ್ಯಾಹ್ನ ಆರಿಹೋದರೆ ಅದನ್ನು ಸಾವೆಂದು ಭಾವಿಸಬೇಕಾಗಿಲ್ಲ. ಅದು ಸಾವನ್ನು ತಪ್ಪಿಸಿಕೊಳ್ಳುವ ಉಪಾಯ.

ಇನ್ನು ಮೂರು ಯಂತ್ರಗಳ ಕಡೆಗೆ ಬರೋಣ. ನಮ್ಮ ಬಳಿಯಿದ್ದ ಸಾಧನಗಳು ಗೋಡೆಗೆ ತೂಗುಹಾಕುವ ಒಂದು ಉಷ್ಣತಾಮಾಪಕ, ಒಂದು ಗಡಿಯಾರ, ಒಂದು ತಿರುಪುಳಿ, ಒಂದು ಮೃದುವಾದ ಕುಂಚ, ಒಂದು ಲೇಪದ ನಳಿಕೆ, ಇಷ್ಟೇ. ಪ್ರೊಸೆಸರಿನ ಉಷ್ಣತೆಯನ್ನು ಅದರೊಳಗಿನ ಮಾಪಕಗಳೇ ತಿಳಿಸುತ್ತವೆ. ಯಂತ್ರವು ಏಳುವಾಗ ಬಯಾಸ್ ಎಂಬ ಆರಂಭದ ವ್ಯವಸ್ಥೆಯ ಪರದೆಯಲ್ಲಿ ಅದನ್ನು ಓದಬಹುದು. ಅದನ್ನು ತೋರಿಸುವ ತಂತ್ರಾಂಶಗಳು ಉಚಿತವಾಗಿಯೂ ದೊರೆಯುತ್ತವೆ. ಲೆಕ್ಕದ ಭಾರವಾದ ಒಂದು ಕೆಲಸವನ್ನು ಹದಿನೈದು ನಿಮಿಷ ಎಡೆಬಿಡದೆ ಕೊಟ್ಟು ನೋಡುವುದನ್ನು ನಾವು ಪೂರ್ಣ ದುಡಿಮೆ ಎಂದು ಕರೆಯೋಣ.

ನರಗುಂದದ ಯಂತ್ರ

ನರಗುಂದದ ಅಂಗಡಿಯು ಗುಡ್ಡದ ಬುಡದಲ್ಲಿ ಪಡುವಣಕ್ಕೆ ಮುಖಮಾಡಿದ ತಗಡಿನ ಮಾಡಿನ ಕೋಣೆ. ಮಧ್ಯಾಹ್ನ ಮೂರು ಗಂಟೆಗೆ ಒಳಗಿನ ಗಾಳಿಯು ೪೧ ಡಿಗ್ರಿ ಇದ್ದಿತು. ಧೂಳು ತಾಗದಿರಲೆಂದು ಮಾಲಿಕರು ಪೆಟ್ಟಿಗೆಯನ್ನು ಮೇಜಿನ ಕೆಳಗಿನ ಮರದ ಗೂಡಿನಲ್ಲಿಟ್ಟು ಬಾಗಿಲು ಮುಚ್ಚಿದ್ದರು. ಅದರ ಮೇಲೊಂದು ಬಟ್ಟೆಯ ಹೊದಿಕೆಯೂ ಇದ್ದಿತು. ಉಷ್ಣತಾಮಾಪಕವನ್ನು ಗೂಡಿನೊಳಗೆ ಇಟ್ಟಾಗ ೫೨ ಡಿಗ್ರಿ ಬಂದಿತು. ಪೂರ್ಣ ದುಡಿಮೆಯಲ್ಲಿ ಪ್ರೊಸೆಸರು ೯೬.

ಬಾಗಿಲು ತೆರೆದು, ಬಟ್ಟೆ ತೆಗೆದು, ಪೆಟ್ಟಿಗೆಯನ್ನು ಒಂದು ಮಣೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಟ್ಟೆವು. ಅದೇ ದುಡಿಮೆಗೆ ಪ್ರೊಸೆಸರು ೮೪ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿದರೆ ಮೊದಲ ಸಲದ ಅಂತರ ೪೪, ಎರಡನೆಯ ಸಲದ್ದು ೪೩. ಅಂತರವು ಬದಲಾಗಲೇ ಇಲ್ಲ! ಅಂದಮೇಲೆ ಪ್ರೊಸೆಸರು, ಲೇಪ, ಹೀಟ್ ಸಿಂಕ್, ಫ್ಯಾನು ಎಲ್ಲವೂ ಆರೋಗ್ಯವಾಗಿವೆ. ಕಾಲುವೆಯ ಕೊನೆಯ ತುದಿಯಲ್ಲಿ ಮಾತ್ರ ತಡೆಯಿದ್ದಿತು. ಹೊರಬಿದ್ದ ಬಿಸಿಗಾಳಿಯನ್ನೇ ಯಂತ್ರವು ಮತ್ತೆ ಮತ್ತೆ ಉಸಿರಾಡುತ್ತಿದ್ದಿತು.

ಮಾಲಿಕರ ಹಳೆಯ ಮನೆಯು ಸಮೀಪದಲ್ಲಿಯೇ ಇದ್ದಿತು. ಆ ಸೀಮೆಯ ಪದ್ಧತಿಯಂತೆ ದಪ್ಪ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಅದೇ ಹೊತ್ತಿನಲ್ಲಿ ಅಲ್ಲಿ ಉಷ್ಣತಾಮಾಪಕವು ೩೪ ತೋರಿಸಿತು. ಯಂತ್ರವನ್ನು ಅಲ್ಲಿಗೆ ಒಯ್ದರೆ ೭೭ ಡಿಗ್ರಿ ಬರಬೇಕೆಂದು ಮೊದಲೇ ಕಾಗದದ ಮೇಲೆ ಬರೆದು, ಒಯ್ದು ನೋಡಿದೆವು, ೭೮ ಬಂದಿತು. ತಗಡಿನ ಅಂಗಡಿಯನ್ನು ಬಿಡಲಾಗದವರು ಮಾಡಿಗೆ ಹೊರಗಿನಿಂದ ಸುಣ್ಣ ಬಳಿದರೆ ಬಿಸಿಲಿನ ಒಂದು ಪಾಲು ಹಿಂದಕ್ಕೆ ಹೋಗುತ್ತದೆ. ಕೋಣೆಯಲ್ಲಿ ಇಳಿದ ಒಂದೊಂದು ಡಿಗ್ರಿಯೂ ಪ್ರೊಸೆಸರಿನಲ್ಲಿ ಒಂದೊಂದು ಡಿಗ್ರಿಯಾಗಿ ಇಳಿಯುತ್ತದೆ.

ಗಜೇಂದ್ರಗಡದ ಯಂತ್ರ

ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಅವು ಗಾಳಿಯಿಂದ ಶಕ್ತಿಯನ್ನು ಪಡೆಯುತ್ತವೆ. ಗಣಕದ ಫ್ಯಾನು ಶಕ್ತಿಯನ್ನು ಕೊಟ್ಟು ಗಾಳಿಯನ್ನು ಪಡೆಯುತ್ತದೆ. ಊರೊಳಗೆ ನೇಯ್ಗೆಯ ಕಸುಬು ಹಳೆಯದು. ನಾವು ನೋಡಿದ ಯಂತ್ರವು ಮಗ್ಗವಿರುವ ಒಂದು ಮನೆಯಲ್ಲಿದ್ದಿತು. ಹಗಲು ನೂಲಿನ ಲೆಕ್ಕಕ್ಕೂ ರಾತ್ರಿ ಮಗಳ ಓದಿಗೂ ಅದೊಂದೇ ಆಧಾರ.

ಕೋಣೆಯ ಉಷ್ಣತೆ ೩೬. ಪೂರ್ಣ ದುಡಿಮೆ ಕೊಟ್ಟಾಗ ಪ್ರೊಸೆಸರು ಮೆಲ್ಲಮೆಲ್ಲನೆ ಏರುತ್ತ ಹೋಗಿ ಹದಿನೈದನೆಯ ನಿಮಿಷಕ್ಕೆ ೯೮ನ್ನು ಮುಟ್ಟಿತು. ಅಂತರ ೬೨. ಪಕ್ಕದ ತಗಡನ್ನು ತೆಗೆದು ಪೆಟ್ಟಿಗೆಯನ್ನು ತೆರೆದಿಟ್ಟರೂ ೯೫ರ ಕೆಳಗೆ ಇಳಿಯಲಿಲ್ಲ. ಆದ್ದರಿಂದ ಪೆಟ್ಟಿಗೆಯ ಕಿಂಡಿಗಳು ಮುಖ್ಯ ಅಪರಾಧಿಗಳಲ್ಲ. ವಿದ್ಯುತ್ತನ್ನು ತಪ್ಪಿಸಿ, ಹೀಟ್ ಸಿಂಕಿನ ಬಳಿಗೆ ಕೈ ಒಯ್ದರೆ ಮುಟ್ಟಲಾಗದಷ್ಟು ಬಿಸಿ. ಅಂದರೆ ಶಾಖವು ಪ್ರೊಸೆಸರಿನಿಂದ ಹೀಟ್ ಸಿಂಕಿನವರೆಗೆ ಸರಾಗವಾಗಿ ಬರುತ್ತಿದೆ. ಅಲ್ಲಿಂದ ಗಾಳಿಗೆ ಇಳಿಯುತ್ತಿಲ್ಲ. ಫ್ಯಾನನ್ನು ಬಿಚ್ಚಿದಾಗ ಕಾರಣವು ಕಣ್ಣಿಗೆ ಬಿದ್ದಿತು. ಹತ್ತಿಯ ಸಣ್ಣ ಎಳೆಗಳೂ ಕರಿಯ ಧೂಳೂ ಹೆಣೆದುಕೊಂಡು ರೆಕ್ಕೆಗಳ ಮೇಲೆ ಕಂಬಳಿಯ ತುಂಡಿನಂತೆ ಹಾಸಿದ್ದವು. ಫ್ಯಾನು ಎಂದಿನಂತೆ ಸದ್ದುಮಾಡಿ ತಿರುಗುತ್ತಿದ್ದುದರಿಂದ ಮನೆಯವರಿಗೆ ಸಂಶಯ ಬಂದಿರಲಿಲ್ಲ. ತಿರುಗುವುದೇ ಬೇರೆ, ಗಾಳಿ ಸಾಗುವುದೇ ಬೇರೆ.

ಗಾಳಿ ಎಷ್ಟು ಬೇಕು? ಇಡೀ ಪೆಟ್ಟಿಗೆಯಲ್ಲಿ ೧೦೦ ವಾಟ್ ಶಾಖ ಹುಟ್ಟುತ್ತಿದ್ದು, ಹಾದುಹೋಗುವ ಗಾಳಿಯು ೧೦ ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದರೆ ಸೆಕೆಂಡಿಗೆ ಸುಮಾರು ೯ ಲೀಟರ್ ಗಾಳಿ ಹರಿಯಬೇಕು. ಎರಡು ಸೆಕೆಂಡಿಗೆ ಒಂದು ದೊಡ್ಡ ಕೊಡದಷ್ಟು. ಇಷ್ಟು ಗಾಳಿಯ ಜೊತೆಗೆ ಅದರಲ್ಲಿರುವ ಧೂಳೂ ಹಗಲಿರುಳು ಒಳಗೆ ಬರುತ್ತದೆಂಬುದನ್ನು ಮರೆಯಬಾರದು.

ಶುಚಿಗೊಳಿಸುವಾಗ ಕೆಲವು ಎಚ್ಚರಿಕೆಗಳು ಅವಶ್ಯ. ಯಂತ್ರವನ್ನು ಆರಿಸಿ ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ಯಬೇಕು. ಗಾಳಿಯೂದುವ ಬ್ಲೋವರ್ ಬಳಸುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಅಚ್ಚು ಸವೆಯುತ್ತದೆ. ಒದ್ದೆ ಬಟ್ಟೆಯನ್ನು ಎಂದಿಗೂ ಸೋಕಿಸಬಾರದು. ಕುಂಚದಿಂದ ಹಾಸನ್ನು ಬಿಡಿಸಿ, ಊದಿ, ಫ್ಯಾನನ್ನು ಕೂಡಿಸಿ ನೋಡಿದಾಗ ಅದೇ ೩೬ ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರು ೭೫ರಲ್ಲಿ ನಿಂತಿತು. ಅಂತರವು ೬೨ರಿಂದ ೩೯ಕ್ಕೆ ಇಳಿದಿದ್ದಿತು. ಹಣದ ಖರ್ಚು ಏನೂ ಇಲ್ಲ.

ರೋಣದ ಯಂತ್ರ

ರೋಣದ ಅಂಗಡಿಯು ರೈತರಿಗೆ ಉತಾರ ತೆಗೆದುಕೊಡುವ, ವಿದ್ಯಾರ್ಥಿಗಳ ಅರ್ಜಿ ತುಂಬುವ ಸ್ಥಳ. ಕಾಲೇಜು ಪ್ರವೇಶದ ದಿನಗಳು. ಅರ್ಜಿ ಅರ್ಧ ತುಂಬಿರುವಾಗ ಯಂತ್ರವು ಆರಿಹೋಗಿ, ಹಳ್ಳಿಗಳಿಂದ ಬಸ್ಸು ಹಿಡಿದು ಬಂದ ಹುಡುಗರು ಮರುದಿನ ಮತ್ತೆ ಬರಬೇಕಾಗುತ್ತಿದ್ದಿತು. ಮಾಲಿಕರು ಹೊಸ ಯಂತ್ರಕ್ಕಾಗಿ ಸಾಲ ಕೇಳುವ ಯೋಚನೆಯಲ್ಲಿದ್ದರು. ಧೂಳಿನ ಮಾತೆತ್ತಿದಾಗ, ತಿಂಗಳ ಹಿಂದೆಯೇ ಎಲ್ಲವನ್ನೂ ಬಿಚ್ಚಿ ಶುಚಿಮಾಡಿಸಿದ್ದಾಗಿಯೂ ಅಂದಿನಿಂದ ರೋಗವು ಹೆಚ್ಚಿತೆಂದೂ ಅವರು ತಿಳಿಸಿದರು. ಈ ಒಂದು ಮಾತು ನಮಗೆ ಬಹಳ ಉಪಯೋಗವಾಯಿತು.

ಮರುದಿನ ಬೆಳಗ್ಗೆ, ಕೋಣೆಯು ೨೯ ಡಿಗ್ರಿ ಇರುವಾಗ, ರಾತ್ರಿಯೆಲ್ಲ ತಣಿದಿದ್ದ ಯಂತ್ರವನ್ನು ಎಬ್ಬಿಸಿ ದುಡಿಮೆ ಕೊಟ್ಟೆವು. ಗಜೇಂದ್ರಗಡದಲ್ಲಿ ಹದಿನೈದು ನಿಮಿಷ ಹಿಡಿದ ಏರಿಕೆಯು ಇಲ್ಲಿ ಕ್ಷಣಗಳಲ್ಲಿ ಮುಗಿಯಿತು. ಪ್ರೊಸೆಸರು ನೋಡುನೋಡುತ್ತಿದ್ದಂತೆ ೮೫ಕ್ಕೆ ನೆಗೆದು, ಅರ್ಧ ನಿಮಿಷದೊಳಗೆ ೧೦೦ನ್ನು ಮುಟ್ಟಿ ತೆವಳತೊಡಗಿತು. ಯಂತ್ರವನ್ನು ಆರಿಸಿ ಹೀಟ್ ಸಿಂಕನ್ನು ಮುಟ್ಟಿದರೆ ಉಗುರುಬೆಚ್ಚಗೂ ಇರಲಿಲ್ಲ. ಮೇಲ್ಗಡೆ ೧೦೦, ಕೆಳಗಡೆ ತಂಪು! ಕಾಲುವೆಯ ಮಟ್ಟವು ಎಲ್ಲಿ ಕುಸಿದಿದೆಯೆಂದು ಇನ್ನು ಹುಡುಕಬೇಕಾಗಿರಲಿಲ್ಲ. ಲೋಹದ ಗಟ್ಟಿಯು ಕಾಯುವುದಕ್ಕೆ ಹೊತ್ತು ಬೇಕು. ಶಾಖವು ಅದನ್ನು ಮುಟ್ಟಿದ್ದರೆ ಏರಿಕೆ ನಿಧಾನವಾಗಬೇಕಾಗಿದ್ದಿತು. ಮುಟ್ಟದೆ ಪ್ರೊಸೆಸರಿನಲ್ಲಿಯೇ ನಿಂತುದರಿಂದ ನೆಗೆತವು ಉಂಟಾಯಿತು.

ಹೀಟ್ ಸಿಂಕನ್ನು ಹಿಡಿದಿಡುವ ಪ್ಲಾಸ್ಟಿಕ್ಕಿನ ನಾಲ್ಕು ಕಾಲುಗಳಲ್ಲಿ ಒಂದು ತನ್ನ ತೂತಿನಲ್ಲಿ ಪೂರ್ತಿ ಇಳಿದಿರಲಿಲ್ಲ. ಮೇಲಿನಿಂದ ನೋಡಿದರೆ ನಾಲ್ಕೂ ಸರಿಯಾಗಿಯೇ ಕಾಣುತ್ತಿದ್ದವು. ಕೂದಲೆಳೆಯಷ್ಟು ಓರೆಯಾದ ಆ ಗಟ್ಟಿಗೂ ಮುಚ್ಚಳಕ್ಕೂ ನಡುವೆ ಗಾಳಿ ಸೇರಿದ್ದಿತು. ಹಳೆಯ ಲೇಪವೂ ಒಣಗಿ ಹಕ್ಕಳೆಗಟ್ಟಿದ್ದಿತು. ಕೆಲಸವನ್ನು ಮಾಡಿದವರು ಧೂಳನ್ನು ತೆಗೆದಿದ್ದರು, ಲೇಪವನ್ನು ಬದಲಾಯಿಸದೆ ಹಳೆಯದರ ಮೇಲೆಯೇ ಕೂರಿಸಿದ್ದರು.

ಹೀಟ್ ಸಿಂಕನ್ನು ಒಮ್ಮೆ ಎತ್ತಿದ ಮೇಲೆ ಲೇಪವನ್ನು ಹೊಸದಾಗಿ ಹಾಕಲೇಬೇಕು. ನಾವು ಎರಡು ಮೈಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಮುಚ್ಚಳದ ನಡುವೆ ದಪ್ಪ ಜೋಳದ ಕಾಳಿನಷ್ಟು ಲೇಪವನ್ನಿಟ್ಟೆವು. ಹೀಟ್ ಸಿಂಕನ್ನು ನೇರವಾಗಿ ಇಳಿಸಿ, ಟ್ರ್ಯಾಕ್ಟರಿನ ಗಾಲಿಯ ನಟ್ಟುಗಳನ್ನು ಬಿಗಿಯುವಂತೆ ಎದುರುಬದುರಿನ ಕಾಲುಗಳನ್ನು ಒಂದಾದ ಮೇಲೊಂದರಂತೆ ಒತ್ತಿ, ಪ್ರತಿಯೊಂದರ ತುದಿಯೂ ಹಲಗೆಯ ಹಿಂಬದಿಯಲ್ಲಿ ಅರಳಿದೆಯೆ ಎಂದು ನೋಡಿದೆವು. ಮಧ್ಯಾಹ್ನ ಕೋಣೆಯು ೩೭ಕ್ಕೆ ಏರಿದಾಗ ಪೂರ್ಣ ದುಡಿಮೆಯಲ್ಲಿ ಪ್ರೊಸೆಸರು ೭೮. ಅಂತರ ೪೧. ಆ ದಿನ ಸಂಜೆಯವರೆಗೂ ಯಂತ್ರವು ಆರಲಿಲ್ಲ.

ಪರೀಕ್ಷೆಯ ಕ್ರಮ

ಈ ಮೂರು ಅನುಭವಗಳಿಂದ ಯಾರಾದರೂ ಅನುಸರಿಸಬಹುದಾದ ಒಂದು ಕ್ರಮವು ದೊರೆಯುತ್ತದೆ. ಮೊದಲು ಕೋಣೆಯ ಉಷ್ಣತೆಯನ್ನೂ ಪ್ರೊಸೆಸರಿನ ಉಷ್ಣತೆಯನ್ನೂ ಒಟ್ಟಿಗೆ ಬರೆದುಕೊಳ್ಳಬೇಕು. ಯಂತ್ರವು ಬಿಡುವಾಗಿರಬೇಕಾದ ಹೊತ್ತಿನಲ್ಲಿಯೂ ಅಂತರವು ಹೆಚ್ಚಾಗಿದ್ದರೆ, ನಾವು ಕೊಡದ ಕೆಲಸವನ್ನು ಯಾವುದಾದರೂ ತಂತ್ರಾಂಶವು ಮಾಡಿಸುತ್ತಿದೆಯೆ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಬೇಕು. ಕದ್ದು ಸೇರಿಕೊಂಡು ಪ್ರೊಸೆಸರನ್ನು ದುಡಿಸುವ ದುಷ್ಟ ತಂತ್ರಾಂಶಗಳೂ ಉಂಟು.

ಆಮೇಲೆ ಏರಿಕೆಯ ವೇಗವನ್ನು ಗಡಿಯಾರ ಹಿಡಿದು ಗಮನಿಸಬೇಕು. ಕ್ಷಣದಲ್ಲಿ ನೆಗೆದು, ಹೀಟ್ ಸಿಂಕು ತಣ್ಣಗಿದ್ದರೆ ದೋಷವು ಲೇಪದಲ್ಲಿ ಅಥವಾ ಬಿಗಿತದಲ್ಲಿದೆ. ನಿಧಾನವಾಗಿ ಏರಿ, ಹೀಟ್ ಸಿಂಕು ಬಿಸಿಯಾಗಿದ್ದರೆ ಧೂಳು ಅಥವಾ ಫ್ಯಾನು ಕಾರಣ. ಫ್ಯಾನಿಗೆ ತಂತಿಯೇನಾದರೂ ತಡೆಯುತ್ತಿದೆಯೆ ಎಂಬುದನ್ನೂ ನೋಡಬೇಕು. ಪಕ್ಕದ ತಗಡನ್ನು ತೆಗೆದೊಡನೆ ಚೆನ್ನಾಗಿ ಇಳಿದರೆ ಪೆಟ್ಟಿಗೆಯಲ್ಲಿ ಗಾಳಿಯ ಸಂಚಾರವಿಲ್ಲ. ಅಂತರವು ಹಿತಮಿತವಾಗಿದ್ದು ಉಷ್ಣತೆ ಮಾತ್ರ ಹೆಚ್ಚಾಗಿದ್ದರೆ ಕೋಣೆಯನ್ನೇ ತಣಿಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ಅಳೆಯಬೇಕು. ನಾಲ್ಕನ್ನು ಒಟ್ಟಿಗೆ ಮಾಡಿದರೆ ರೋಗ ಹೋದರೂ ಕಾರಣ ತಿಳಿಯುವುದಿಲ್ಲ. ಉಷ್ಣತೆಯು ಮಿತಿಯೊಳಗಿದ್ದರೂ ಯಂತ್ರವು ಆರುತ್ತಿದ್ದರೆ ಪ್ರೊಸೆಸರನ್ನು ದೂರದೆ, ವಿದ್ಯುತ್ ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನೂ ಮನೆಯ ವಿದ್ಯುತ್ತಿನ ಏರಿಳಿತವನ್ನೂ ಪರೀಕ್ಷಿಸತಕ್ಕದ್ದು.

ಎಲ್ಲವೂ ಸರಿಯಿದ್ದು ಬೇಸಗೆಯೇ ಬಲವಾಗಿದ್ದರೆ ಶಾಖದ ಹುಟ್ಟನ್ನೇ ಕಡಿಮೆಮಾಡಬಹುದು. ಪ್ರೊಸೆಸರು ದುಡಿಯುವಾಗ ನುಂಗುವ ಶಕ್ತಿಯು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಇರುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಈ ಶಕ್ತಿಯು ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. ವ್ಯವಸ್ಥೆಯ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು ನೂರರ ಬದಲು ತೊಂಬತ್ತೊಂಬತ್ತಕ್ಕೆ ಇಟ್ಟರೆ ಅನೇಕ ಯಂತ್ರಗಳಲ್ಲಿ ಹೆಚ್ಚುವರಿ ವೇಗದ ಓಟವು ನಿಂತು, ವೋಲ್ಟೇಜೂ ಶಾಖವೂ ತಗ್ಗುತ್ತವೆ. ಅರ್ಜಿ ತುಂಬುವ ಕೆಲಸಕ್ಕೆ ಅದರಿಂದ ಬಾಧೆಯೇನೂ ಇಲ್ಲ.

ಮೂರು ಊರುಗಳಲ್ಲಿ ಮೂರು ಮನೆಯವರು ಹೊಸ ಯಂತ್ರವನ್ನು ಕೊಳ್ಳುವುದರಲ್ಲಿದ್ದರು. ಯಾರಿಗೂ ಅದು ಬೇಕಾಗಿರಲಿಲ್ಲ. ರೋಣದ ಅಂಗಡಿಯ ಗೋಡೆಯಲ್ಲಿ ನಾವು ಹೊರಡುವಾಗ ಒಂದು ಕಾಗದವನ್ನು ಅಂಟಿಸಿ ಬಂದೆವು. ಅದರಲ್ಲಿ ಮೂರು ಸಾಲುಗಳಿದ್ದವು: ಕೋಣೆ ೩೭, ಪ್ರೊಸೆಸರ್ ೭೮, ಅಂತರ ೪೧. ವರ್ಷಕ್ಕೆ ಎರಡು ಸಲ, ಯುಗಾದಿಗೂ ದೀಪಾವಳಿಗೂ ಮನೆಯ ಧೂಳು ಹೊಡೆಯುವ ದಿನಗಳಲ್ಲಿ ಗಣಕದ ಧೂಳನ್ನೂ ಹೊಡೆದು, ಈ ಲೆಕ್ಕವನ್ನು ಮತ್ತೊಮ್ಮೆ ಬರೆಯಬೇಕೆಂದು ಮಾಲಿಕರಿಗೆ ಹೇಳಿದೆವು. ಅಂತರವು ೪೧ರ ಆಸುಪಾಸಿನಲ್ಲಿರುವವರೆಗೆ ಬೇಸಗೆಯು ಎಷ್ಟೇ ಕಾದರೂ ಯಂತ್ರವನ್ನು ಸಂಶಯಿಸಬೇಕಾಗಿಲ್ಲ; ಅದು ೫೦ನ್ನು ದಾಟಿದ ದಿನ ಚಳಿಗಾಲವಾಗಿದ್ದರೂ ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳಬೇಕು.